ಪಿಯಾನೋ ಮಾತ್ರ ಊರಿನದ್ದೇ ಆಗಬೇಕು

ಜಾಝ್ ಪಿಯಾನಿಸ್ಟ್‌ಗಳ ಭಾರತ ಪ್ರವಾಸದ ಪಟ್ಟಿ ಹೊರಬಿದ್ದಾಗಲೆಲ್ಲ ಮಂಗಳೂರಿನ ಸಂಗೀತದ ಮಂದಿಯ ನಡುವೆ ಅದೇ ಗೊಣಗಾಟ. ಮುಂಬಯಿ ಇದೆ, ದಿಲ್ಲಿ ಇದೆ, ಬೆಂಗಳೂರು ಇದೆ, ಕೆಲವೊಮ್ಮೆ ಗೋವಾ ಕೂಡ ಇದೆ, ನಾವಿಲ್ಲ. ಕೇಳುವವರಿಲ್ಲ ಎನ್ನುವುದು ಒಬ್ಬರ ವಾದ, ಪ್ರಾಯೋಜಕರಿಲ್ಲ ಎನ್ನುವುದು ಇನ್ನೊಬ್ಬರದ್ದು. ಕೇಳುವವರಿಲ್ಲ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಇಗರ್ಜಿಯ ಕ್ವಾಯರ್‌ನಲ್ಲಿ ನಾಲ್ಕು ದನಿಯಲ್ಲಿ ಹಾಡಿ ಬೆಳೆದವರು, ಟ್ರಿನಿಟಿ ಸಂಗೀತ ಪರೀಕ್ಷೆಗೆಂದು ಸ್ಕೇಲ್ ಉರುಹೊಡೆದವರು, ಮದುವೆಯ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು ಬೀದಿಗೊಬ್ಬರಂತೆ ಸಿಗುವ ಊರಿದು. ಯಾರೂ ಎತ್ತದ ಪ್ರಶ್ನೆ ಬೇರೆಯೇ ಇದೆ: ಬಂದವರು ಯಾವ ಪಿಯಾನೋದಲ್ಲಿ ನುಡಿಸಬೇಕು?

ಎತ್ತಿದರೂ ಉತ್ತರ ತಯಾರಿರುತ್ತದೆ. "ಒಳ್ಳೆ ಪಿಯಾನಿಸ್ಟ್ ಆದ್ರೆ ಯಾವುದರಲ್ಲೂ ನುಡಿಸ್ತಾನೆ ಮಾರಾಯ್ರೆ, ಕಲೋನ್‌ನಲ್ಲಿ ಆದದ್ದೇನು?" ಅಮೆರಿಕದ ಪಿಯಾನಿಸ್ಟ್ ಕೀತ್ ಜ್ಯಾರೆಟ್ ಅವರ ಆ ಕಥೆ ಜಾಝ್ ಕೇಳುವವರಿಗೆಲ್ಲ ಬಾಯಿಪಾಠ. 1975ರ ಜನವರಿ 24, ಜರ್ಮನಿಯ ಕಲೋನ್ ಆಪೆರಾ ಹೌಸ್. ಕೇಳಿದ್ದು ದೊಡ್ಡ ಬೋಸೆಂಡೋರ್ಫರ್ ಇಂಪೀರಿಯಲ್, ವೇದಿಕೆಯ ಮೇಲಿದ್ದದ್ದು ಚಿಕ್ಕದೊಂದು, ಶ್ರುತಿ ಕೆಟ್ಟು ಪೆಡಲ್ ಸರಿಯಿಲ್ಲದ ಪಿಯಾನೋ. ಹುಟ್ಟಿದ್ದು ಇಂದಿಗೂ ಮಾರಾಟವಾಗುತ್ತಿರುವ ಧ್ವನಿಮುದ್ರಿಕೆ. ಕಥೆ ಹೇಳುವವರು ಒಂದು ವಿವರವನ್ನು ನುಂಗುತ್ತಾರೆ. ಕಾರ್ಯಕ್ರಮಕ್ಕೆ ಮುಂಚೆ ಗಂಟೆಗಟ್ಟಲೆ ಕೂತು ಅದನ್ನು ನುಡಿಸುವಷ್ಟರ ಮಟ್ಟಿಗೆ ಸರಿಮಾಡಿದ ಕೈಗಳು ಅಲ್ಲಿದ್ದವು. ಅಷ್ಟಾದರೂ ಮೇಲಿನ ಸ್ವರಗಳು ತಗಡು ಬಡಿದಂತೆ, ಕೆಳಗಿನವು ಬಲವಿಲ್ಲದಂತೆ ಉಳಿದದ್ದರಿಂದ ಜ್ಯಾರೆಟ್ ನಡುಭಾಗದಲ್ಲೇ ಓಡಾಡಿದರು, ಎಡಗೈಯಲ್ಲಿ ಒಂದೇ ಲಯವನ್ನು ಮತ್ತೆ ಮತ್ತೆ ತಿರುಗಿಸಿದರು. ಅವರು ನುಡಿಸದೆ ವಾಪಸು ಹೋಗಲು ಹೊರಟಿದ್ದರು ಎಂಬುದನ್ನೂ ಹೇಳುವವರು ಕಡಿಮೆ. ಒಂದು ರಾತ್ರಿಯ ಪವಾಡವನ್ನು ಸಂಘಟಕರು ತಮ್ಮ ಸೋಮಾರಿತನಕ್ಕೆ ಗುರಾಣಿ ಮಾಡಿಕೊಂಡಿದ್ದಾರೆ, ಅಷ್ಟೇ.

ಚೀಲದಲ್ಲಿ ಹಿಡಿಯುವ ವಾದ್ಯ, ಹಿಡಿಯದ ವಾದ್ಯ

ಜಾಝ್‌ಗೂ ಮಂಗಳೂರಿಗೂ ನೆಂಟಸ್ತನ ಇಲ್ಲವೆಂದಲ್ಲ. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಕೇಳಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಬೆರಗಾದದ್ದು 1980ರ ಮುಂಬಯಿ ಜಾಝ್ ಉತ್ಸವದಲ್ಲಿ. ಆಮೇಲೆ 2008ರಲ್ಲಿ ಅಮೆರಿಕದ ಆಲ್ಟೋ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜತೆ 'ಕಿನ್ಸ್‌ಮೆನ್' ಮುದ್ರಿಕೆ ಬಂತು. ಎರಡು ಆಲ್ಟೋ, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಝ್ ಅಬ್ಬಾಸಿ ಅವರ ಗಿಟಾರ್, ಬಾಸ್, ಡ್ರಮ್ಸ್. ಗಮನಿಸಿ, ಪಿಯಾನೋ ಇಲ್ಲ. ಇದೇ ಮಹಂತಪ್ಪ ವರ್ಷಗಟ್ಟಲೆ ಪಿಯಾನಿಸ್ಟ್ ವಿಜಯ್ ಐಯರ್ ಜತೆ ನುಡಿಸಿದವರು. 2006ರ 'ರಾ ಮೆಟೀರಿಯಲ್ಸ್' ಇವರಿಬ್ಬರದ್ದೇ ಜೋಡಿವಾದನ. ಆದರೂ ಕದ್ರಿಯವರ ಪಕ್ಕಕ್ಕೆ ಬಂದದ್ದು ಗಿಟಾರ್. ಗಿಟಾರ್ ತಂತಿಯನ್ನು ಎಳೆದು ಜಾರಿಸಬಹುದು, ಸ್ಯಾಕ್ಸೊಫೋನ್‌ನಲ್ಲಿ ತುಟಿ ಸಡಿಲಿಸಿ ಸ್ವರವನ್ನು ಬಾಗಿಸಬಹುದು. ಪಿಯಾನೋದಲ್ಲಿ ಸುತ್ತಿಗೆ ತಂತಿಯನ್ನು ಬಿಟ್ಟ ಮೇಲೆ ವಾದಕನಿಗೆ ಸ್ವರವನ್ನು ಬಾಗಿಸುವ ದಾರಿಯೇ ಇಲ್ಲ.

ವಿಜಯ್ ಐಯರ್ ಇದಕ್ಕೆ ಕಂಡುಕೊಂಡ ದಾರಿ ಲಯದ್ದು. 2011ರ 'ತೀರ್ಥ'ದಲ್ಲಿ ಗಮಕವೆಲ್ಲ ಪ್ರಸನ್ನ ಅವರ ಗಿಟಾರಿನಲ್ಲಿ. ಪಿಯಾನೋ ನಿತಿನ್ ಮಿಟ್ಟಾ ಅವರ ತಬಲಾದ ಲೆಕ್ಕಾಚಾರದ ಒಳಗೆ ಕೂತು ಕೆಲಸ ಮಾಡುತ್ತದೆ. ಈಚಿನ ಕೆಲಸ ನೋಡಿದರೂ ಈ ಮನುಷ್ಯ ಒಂದೇ ಕೀಬೋರ್ಡಿಗೆ ಅಂಟಿಕೊಂಡವರಲ್ಲ. ಲಿಂಡಾ ಮೇ ಹಾನ್ ಓ ಮತ್ತು ಟೈಶಾನ್ ಸೋರಿ ಜತೆಗಿನ ಟ್ರಯೋದ (ಮೂವರ ತಂಡದ) 'ಅನ್‌ಈಝಿ' (2021), 'ಕಂಪ್ಯಾಶನ್' (2024) ಎರಡೂ ಅಪ್ಪಟ ಪಿಯಾನೋ ಮುದ್ರಿಕೆಗಳು. ಅರೂಜ್ ಆಫ್ತಾಬ್, ಶಹಜಾದ್ ಇಸ್ಮೈಲಿ ಜತೆಗಿನ 'ಲವ್ ಇನ್ ಎಕ್ಸೈಲ್' (2023), ವಾಡಾಡಾ ಲಿಯೋ ಸ್ಮಿತ್ ಅವರ ಕಹಳೆಯೊಂದಿಗಿನ 'ಡಿಫಯಂಟ್ ಲೈಫ್' (2025) ಎರಡರಲ್ಲೂ ಪಿಯಾನೋ ಜತೆ ಫೆಂಡರ್ ರೋಡ್ಸ್ ಎಂಬ ವಿದ್ಯುತ್ ಪಿಯಾನೋ ಇದೆ, ಇಲೆಕ್ಟ್ರಾನಿಕ್ಸ್ ಇದೆ. ಟ್ರಯೋ ಮುದ್ರಿಕೆಗಳನ್ನು ಮಣಿಪಾಲದ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುವವರಿಗೆ ಕೇಳುವುದು ಸ್ಟುಡಿಯೋದಲ್ಲಿ ಹದವಾದ ಗಾಳಿಯಲ್ಲಿ ಸಾಕಿದ, ಮುದ್ರಣಕ್ಕೆ ಮುಂಚೆ ಟ್ಯೂನ್ ಆದ ಪಿಯಾನೋ. ಅದೇ ಟ್ರಯೋ ಪ್ರವಾಸ ಹೊರಟಾಗ ಡ್ರಮ್ಮರ್ ತನ್ನ ಸಿಂಬಲ್ ಹೊತ್ತು ತರುತ್ತಾರೆ. ಪಿಯಾನಿಸ್ಟ್ ಬರಿಗೈಯಲ್ಲಿ ಬಂದು ಆ ಊರು ಎದುರಿಗಿಟ್ಟದ್ದನ್ನು ನುಡಿಸಬೇಕು. ಸ್ಟೈನ್‌ವೇ ಕಂಪನಿಯ ದೊಡ್ಡ ಪಿಯಾನೋ, ಡಿ ಮಾದರಿ, 274 ಸೆಂಟಿಮೀಟರ್ ಉದ್ದ, 480 ಕಿಲೋ ತೂಕ. ಅದನ್ನು ವಿಮಾನದಲ್ಲಿ ಹೊತ್ತು ತಿರುಗುವವರು ಬೆರಳೆಣಿಕೆಯಷ್ಟು.

ಒದ್ದೆ ಗಾಳಿಯಲ್ಲಿ ಮರ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಗಾಳಿಯ ತೇವಾಂಶ ಶೇ 90ರ ಆಚೀಚೆ ಇರುವ ಊರಿನಲ್ಲಿ ಪಿಯಾನೋಕ್ಕೆ ಆಗುವುದೇನು? ಎಲ್ಲರೂ ಮೊದಲು ಹೇಳುವುದು ತುಕ್ಕು. ತುಕ್ಕು ನಿಜವೇ, ಕಡಲಿನ ಉಪ್ಪುಗಾಳಿ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಆದರೆ ಅದು ನಿಧಾನದ ರೋಗ. ಬೇಗ ಬರುವುದು ಸೌಂಡ್‌ಬೋರ್ಡಿನ ಉಬ್ಬರ. ತಂತಿಯ ನಾದವನ್ನು ದೊಡ್ಡದು ಮಾಡುವ, ಎಂಟೊಂಬತ್ತು ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಹಲಗೆ ಅದು, ನಡುವೆ ಸ್ವಲ್ಪ ಉಬ್ಬಿರುವಂತೆ ಮಾಡಿರುತ್ತಾರೆ. ನೀರು ಕುಡಿದಾಗ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಉಬ್ಬು ಹೆಚ್ಚುತ್ತದೆ, ಮೇಲಿರುವ ಬ್ರಿಜ್ಜನ್ನು (ತಂತಿಗಳು ಕೂತಿರುವ ಮರದ ಪಟ್ಟಿ) ತಂತಿಗಳ ಕಡೆಗೆ ತಳ್ಳುತ್ತದೆ, ಬಿಗಿತ ಏರಿ ಶ್ರುತಿ ಏರುತ್ತದೆ. ಮಳೆಗಾಲದಲ್ಲಿ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುವುದನ್ನು ನೋಡಿ ಬೆಳೆದ ನಮಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಮಾರ್ಚಿನಲ್ಲಿ 440 ಹರ್ಟ್ಸ್‌ಗೆ (ಸೆಕೆಂಡಿಗೆ ಅಷ್ಟು ಕಂಪನ) ಕೂರಿಸಿದ ನಡುಭಾಗದ ಎ ಸ್ವರ ಜುಲೈಯಲ್ಲಿ 20 ಸೆಂಟ್ (ಅರ್ಧಸ್ವರದ ಐದನೇ ಒಂದು ಪಾಲು) ಏರಿ 445ಕ್ಕೆ ಬಂದು ನಿಂತರೆ ಅಚ್ಚರಿಯಿಲ್ಲ.

ಎಲ್ಲವೂ ಒಟ್ಟಿಗೆ ಏರಿದ್ದರೆ ತೊಂದರೆಯಿರಲಿಲ್ಲ, ಉಳಿದವರು ಅದಕ್ಕೆ ಹೊಂದಿಕೊಳ್ಳುತ್ತಿದ್ದರು. ಹಲಗೆ ಅಂಚಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ನಡುವೆ ಮಾತ್ರ ಏಳುತ್ತದೆ. ಹಾಗಾಗಿ ಏರುವುದು ಹೆಚ್ಚಾಗಿ ನಡುಭಾಗ, ಅದರಲ್ಲೂ ತಾಮ್ರ ಸುತ್ತಿದ ತಂತಿಗಳು ಮುಗಿದು ಬರಿ ಉಕ್ಕಿನ ತಂತಿ ಶುರುವಾಗುವ ಜಾಗ. ತುದಿಗಳು ಅಷ್ಟು ಅಲುಗುವುದಿಲ್ಲ. ಪರಿಣಾಮ, ಪಿಯಾನೋ ತನ್ನೊಳಗೇ ಜಗಳವಾಡುತ್ತದೆ. ಎಡಗೈಯ ಆಕ್ಟೇವ್ (ಸ್ಥಾಯಿ) ಒಂದು ಹೇಳಿದರೆ ಬಲಗೈಯದ್ದು ಇನ್ನೊಂದು. ಮಕ್ಕಳ ಪಾಠ ನುಡಿಸಲು ಇದು ನಡೆದೀತು. ಜಾಝ್‌ನಲ್ಲಿ ಎರಡು ಕೈಯಲ್ಲಿ ಹರಡಿಕೊಂಡು ಒಟ್ಟಿಗೇ ನುಡಿಸುವ ಐದಾರು ಸ್ವರದ ಕಾರ್ಡ್‌ಗಳಿರುತ್ತವೆ. ಬೇಕೆಂದೇ ಇಟ್ಟ ಘರ್ಷಣೆ ಯಾವುದು, ಟ್ಯೂನಿಂಗ್ ಕೆಟ್ಟದ್ದು ಯಾವುದು ಎಂದು ಕೇಳುಗರಿಗೆ ತಿಳಿಯದಂತಾದರೆ ಕಛೇರಿ ಮುಗಿದಂತೆಯೇ.

ಶ್ರುತಿಗಿಂತ ಹೆಚ್ಚು ಕಾಡುವುದು ಕೀ ಸಿಕ್ಕಿಕೊಳ್ಳುವುದು. ಸುತ್ತಿಗೆಯೊಂದು ತಿರುಗುವುದು ಸುಮಾರು 1.3 ಮಿಲಿಮೀಟರ್ ದಪ್ಪದ ಪುಟ್ಟ ಪಿನ್ನಿನ ಮೇಲೆ, ಅದರ ಸುತ್ತ ಉಣ್ಣೆಯ ಬುಶ್ಶಿಂಗ್. ಉಣ್ಣೆ ತೇವ ಹೀರಿ ದಪ್ಪಗಾದರೆ ಸುತ್ತಿಗೆ ಎದ್ದದ್ದು ಸರಾಗ ಬೀಳುವುದಿಲ್ಲ. ಒಂದೇ ಸ್ವರವನ್ನು ಬೇಗಬೇಗ ಹೊಡೆದಾಗ ಎರಡನೆಯದ್ದು ಮೂಕ. ಇಲ್ಲಿ ಊರಿನ ವೈದ್ಯ ಶುರುವಾಗುತ್ತದೆ: ಸ್ಪ್ರೇ ಎಣ್ಣೆ ಹೊಡೆಯುವವರು, ತೆಂಗಿನೆಣ್ಣೆ ಬಿಡುವವರು. ಎಣ್ಣೆ ಉಣ್ಣೆಯೊಳಗೆ ಇಳಿದು ಧೂಳು ಹಿಡಿದು ಅಂಟಾಗುತ್ತದೆ, ತಾತ್ಕಾಲಿಕ ರೋಗ ಕಾಯಂ ಆಗುತ್ತದೆ. ಸರಿಯಾದ ಕ್ರಮವೆಂದರೆ ನೀರು, ಆಲ್ಕೋಹಾಲ್ ಸಮಸಮ ಬೆರೆಸಿ ಬುಶ್ಶಿಂಗಿಗೆ ಒಂದು ಹನಿ ತಾಗಿಸಿ ಪೂರ್ತಿ ಒಣಗಲು ಬಿಡುವುದು. ಉಣ್ಣೆ ಪಿನ್ನಿನ ಸುತ್ತ ಉಬ್ಬಿ, ಒಣಗಿದಾಗ ಕುಗ್ಗಿ, ತಾನೇ ಜಾಗ ಮಾಡಿಕೊಡುತ್ತದೆ. ಅದಕ್ಕೂ ಬಗ್ಗದಿದ್ದರೆ ಪಿನ್ ತೆಗೆದು, ತೂತು ಉಜ್ಜಿ, ಮತ್ತೆ ಅಳತೆ ನೋಡಿ ಹಾಕಬೇಕು. ಕೀಯ ಮರವೇ ಉಬ್ಬಿದ್ದರೆ ಇಕ್ಕಳದಂಥ ಉಪಕರಣದಿಂದ ತೂತಿನ ಅಂಚನ್ನು ಕೂದಲೆಳೆಯಷ್ಟು ಒತ್ತುತ್ತಾರೆ. ಹೆಚ್ಚು ಒತ್ತಿದರೆ ಬೇಸಗೆಯಲ್ಲಿ ಕೀ ಕಟಕಟ ಎನ್ನುತ್ತದೆ.

ಆಟಿಯಲ್ಲಿ ಒಂದು ಅಪ್‌ರೈಟ್

ಬೆಂದೂರು, ಕಂಕನಾಡಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ, ಗೋಡೆಗೊರಗಿ ನಿಲ್ಲುವ ಅಪ್‌ರೈಟ್ ಪಿಯಾನೋಕ್ಕೆ ಇಂಥ ಕೆಲಸ ನಡೆಯುವುದನ್ನು ನೋಡಬೇಕು. ಟ್ಯೂನರ್ ಹೆಚ್ಚಾಗಿ ಹೊರಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು. ಮೊದಲು ಮೇಲಿನ ಮುಚ್ಚಳ, ಆಮೇಲೆ ಎರಡು ಚಿಲಕ ಬಿಡಿಸಿ ಎದುರಿನ ಹಲಗೆ, ಕೊನೆಗೆ ಸ್ಪ್ರಿಂಗ್ ಒತ್ತಿ ಪೆಡಲ್ ಮೇಲಿನ ಹಲಗೆ. ಕೆಳಗಿನದ್ದು ತೆಗೆದಾಗಲೇ ಮನೆಯ ಚರಿತ್ರೆ ಹೊರಬೀಳುತ್ತದೆ: ಇಲಿ ಕಿತ್ತು ಗೂಡು ಮಾಡಿದ ಕೆಂಪು ಫೆಲ್ಟ್, ಯಾವುದೋ ಕಾಲದ ನಾಲ್ಕಾಣೆ, ಕ್ರಿಸ್ಮಸ್ ಕ್ಯಾರಲ್‌ನ ಹರಿದ ಹಾಳೆ. ಮತ್ತೆ ಒಂದು ಹೋಲ್ಡರ್, ಅದರಲ್ಲಿ ಬಲ್ಬು. ಹಿಂದಿನವರು ಜಾಣರು, ಕಡಿಮೆ ವಾಟಿನ ಬಲ್ಬನ್ನು ಪಿಯಾನೋದ ಬುಡದಲ್ಲಿ ಮಳೆಗಾಲವಿಡೀ ಉರಿಸಿಟ್ಟರೆ ಒಳಗಿನ ಗಾಳಿ ತುಸು ಬೆಚ್ಚಗಾಗಿ ತೇವ ಇಳಿಯುತ್ತಿತ್ತು. ಅದು ಸುಟ್ಟುಹೋದ ಮೇಲೆ ಮಕ್ಕಳು ತಂದು ಹಾಕಿದ್ದು ಎಲ್‌ಇಡಿ. ಚೆನ್ನಾಗಿ ಬೆಳಗುತ್ತದೆ, ಬಿಸಿ ಬಾರದು. ಮರದ ಪೆಟ್ಟಿಗೆಯೊಳಗೆ ಯಾರಿಗೂ ಕಾಣದ ಬೆಳಕು!

ಟ್ಯೂನಿಂಗ್ ಫೋರ್ಕ್ 440 ಎಂದರೆ ಪಿಯಾನೋ 425 ಎನ್ನುತ್ತದೆ. ಮಳೆಗಾಲದಲ್ಲಿ ಏರುತ್ತದೆ ಎಂದೆನಲ್ಲ, ಇದು ಇಳಿದದ್ದು ಹೇಗೆ? ವರ್ಷಾನುವರ್ಷ ಮುಟ್ಟದೆ ಬಿಟ್ಟಾಗ ತಂತಿ ಎಳೆದುಕೊಳ್ಳುತ್ತದೆ, ತಂತಿ ಸುತ್ತಿದ ಪಿನ್ ಸಡಿಲವಾಗುತ್ತದೆ. ಮಳೆಯ ಏರಿಕೆ ಆ ಇಳಿತದ ಮೇಲೆ ಕೂತ ಅಲೆ ಮಾತ್ರ. 425ರಿಂದ 440ಕ್ಕೆ ಎತ್ತುವುದೆಂದರೆ ಬಿಗಿತವನ್ನು ಶೇ 7ರಷ್ಟು ಹೆಚ್ಚಿಸುವುದು. ಸುಮಾರು 230 ತಂತಿಗಳು ಸೇರಿ 18 ಟನ್ ಎಳೆಯುವ ಚೌಕಟ್ಟಿನ ಮೇಲೆ ಅದು ಒಂದು ಟನ್‌ಗೂ ಮೀರಿದ ಹೊಸ ಭಾರ. ಆದ್ದರಿಂದ ಟ್ಯೂನರ್ ನೇರವಾಗಿ ಎಳೆಯುವುದಿಲ್ಲ. ಮೊದಲು ಪ್ರತಿ ತಂತಿಯನ್ನೂ ಚೂರು ಇಳಿಸುತ್ತಾರೆ. ಬಾಗಿದ ಜಾಗದಲ್ಲಿ ತುಕ್ಕು ಹಿಡಿದ ಅಂಟು ಟಕ್ಕನೆ ಬಿಡುವ ಸದ್ದು ಕೇಳಿದ ಮೇಲೆಯೇ ಏರಿಸುವುದು. ಇಳಿಸದೆ ಏರಿಸಿದರೆ ತಂತಿ ಅಲ್ಲೇ ತುಂಡು. ಮೊದಲ ಸುತ್ತು ಒರಟು: ಕೊರತೆಯ ಕಾಲುಭಾಗದಷ್ಟು ಹೆಚ್ಚೇ ಎಳೆದುಬಿಡುತ್ತಾರೆ, ಯಾಕೆಂದರೆ ಮುಂದಿನ ತಂತಿಗಳನ್ನು ಎಳೆದಂತೆ ಹಲಗೆ ಒತ್ತಲ್ಪಟ್ಟು ಹಿಂದಿನವು ಇಳಿಯುತ್ತವೆ. ಎರಡನೇ ಸುತ್ತು ನಾಜೂಕಿನದ್ದು. ಫೆಲ್ಟ್ ಪಟ್ಟಿ ಸಿಕ್ಕಿಸಿ ಪ್ರತಿ ಸ್ವರದ ಮೂರರಲ್ಲಿ ಒಂದೇ ತಂತಿ ನುಡಿಯುವಂತೆ ಮಾಡಿ, ನಡುವಿನ ಒಂದು ಆಕ್ಟೇವ್ ಕೂರಿಸಿ, ಅಲ್ಲಿಂದ ಎರಡೂ ಕಡೆಗೆ. ಆ ಆಕ್ಟೇವಿನ ಕೆಳತುದಿಯ ಎಫ್ ಮತ್ತು ಎ ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಸುಮಾರು 7 ಅಲೆ (ಸದ್ದಿನ ಏರಿಳಿತ) ಎದ್ದುಬರಬೇಕು, ಮುಂದಿನ ಜೋಡಿಯಲ್ಲಿ ಅದಕ್ಕಿಂತ ಚೂರು ವೇಗ. ಹಂಚಿನ ಮೇಲೆ ಧೋ ಎಂದು ಮಳೆ ಬಡಿಯುವಾಗ ಈ ಅಲೆ ಕೇಳಿಸುವುದು ಹೇಗೆ? ಕಿವಿಯನ್ನೇ ನಂಬಿದವರು ಮಳೆ ನಿಲ್ಲುವವರೆಗೆ ಚಾ ಕುಡಿಯುತ್ತಾ ಕೂರುತ್ತಾರೆ. ಮೊಬೈಲಿನ ಟ್ಯೂನಿಂಗ್ ಆ್ಯಪ್ ಇಟ್ಟುಕೊಂಡವರು ಮುಂದುವರಿಯುತ್ತಾರೆ. ಇಷ್ಟೆಲ್ಲ ಮಾಡಿದರೂ ಎತ್ತಿದ ಶ್ರುತಿ ಕೆಲವು ವಾರಗಳಲ್ಲಿ ಅರ್ಧಂಬರ್ಧ ಜಾರುತ್ತದೆ, ಮತ್ತೆ ಬರಬೇಕು. ಆ ಎರಡನೇ ಭೇಟಿಗೆ ದುಡ್ಡು ಕೊಡಲು ಮನಸ್ಸು ಮಾಡುವ ಮನೆಗಳು, ಸಂಸ್ಥೆಗಳು ತೀರಾ ಕಡಿಮೆ.

ಹಾಗೆಂದು ಹಂಚಿನ ಮನೆ ಪಿಯಾನೋದ ವೈರಿಯೇನಲ್ಲ. ಹಂಚಿನ ಸಂದಿಯಿಂದ ಗಾಳಿ ಆಡುವುದರಿಂದ ಒಳಗೂ ಹೊರಗೂ ಒಂದೇ ತೇವ, ಅದು ಬದಲಾಗುವುದು ವಾರಗಳ ಲೆಕ್ಕದಲ್ಲಿ. ಮರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇದೇ ಕಾರಣಕ್ಕೆ ಅಲ್ಲಿ ಡೀಹ್ಯುಮಿಡಿಫೈಯರ್ ಇಡುವುದು ಶುದ್ಧ ದಂಡ. ಅರಬ್ಬಿ ಸಮುದ್ರದ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಸಿಲಿಕಾ ಜೆಲ್ ಪೊಟ್ಟಣವೂ ಅಷ್ಟೇ, ಕೆಲವೇ ದಿನಗಳಲ್ಲಿ ತುಂಬಿ ಕೂರುತ್ತದೆ. ಪಿಯಾನೋದೊಳಗೆ ಕಟ್ಟುವ 25 ವಾಟಿನ ಹೀಟರ್ ಸರಳು, ಅದಕ್ಕೊಂದು ತೇವ ನೋಡಿ ಆರಿಹೋಗುವ ಸ್ವಿಚ್ಚು, ಇಷ್ಟು ಸಾಕು. ದಿನವಿಡೀ ಉರಿದರೂ 0.6 ಯೂನಿಟ್, ತಿಂಗಳಿಗೆ 18.

ಎಸಿ ಹಾಲ್ ಎಂಬ ಮರೀಚಿಕೆ

"ನಮ್ಮ ಹಾಲ್‌ಗೆ ಎಸಿ ಇದೆ, ಪಿಯಾನೋಕ್ಕೆ ಏನೂ ಆಗಲ್ಲ" ಎನ್ನುವವರ ಪಿಯಾನೋ ಹಂಚಿನ ಮನೆಯದ್ದಕ್ಕಿಂತ ಬೇಗ ಹಾಳಾಗುತ್ತದೆ. ಎಸಿ ಓಡುವುದು ಕಾರ್ಯಕ್ರಮದ ಮೂರು ಗಂಟೆ ಮಾತ್ರ. ಉಳಿದ ದಿನವೆಲ್ಲ ಬಾಗಿಲು ಮುಚ್ಚಿದ, ಬೂಷ್ಟು ವಾಸನೆಯ ಕತ್ತಲಕೋಣೆ. ಸಂಜೆ ಐದಕ್ಕೆ ಎಸಿ ಹಾಕಿದಾಗ ಮೊದಲು ತಣಿಯುವುದು ತಂತಿ. ಉಕ್ಕು ಕುಗ್ಗಿ ಶ್ರುತಿ ಏರುತ್ತದೆ. ಏಳಕ್ಕೆ ವೇದಿಕೆಯ ದೀಪ ಬಿದ್ದಾಗ ಅದೇ ತಂತಿ ಬಿಸಿಯಾಗಿ ಇಳಿಯುತ್ತದೆ. ಮತ್ತೆ ಎಸಿ ಆರಿಸಿ ಬಾಗಿಲು ತೆಗೆದಾಗ ಆಗುವುದು ಇನ್ನೂ ಕೆಟ್ಟದ್ದು. ಜುಲೈಯ ಹೊರಗಾಳಿ 24, 25 ಡಿಗ್ರಿಯಲ್ಲೇ ಇಬ್ಬನಿ ಬಿಡುವಷ್ಟು ತೇವ ತುಂಬಿದ್ದು. 20 ಡಿಗ್ರಿಗೆ ತಣಿದ ನೂರಾರು ಕಿಲೋದ ಎರಕದ ಚೌಕಟ್ಟಿಗೆ ಅದು ತಾಗಿದರೆ ನೀರು ಹನಿಗಟ್ಟುತ್ತದೆ, ತಂತಿಯ ಮೇಲೂ. ಮುಚ್ಚಳ ಮುಚ್ಚಿ ದಪ್ಪ ಹೊದಿಕೆ ಹಾಕಿ, ಪಿಯಾನೋ ಹಾಲ್‌ನ ಬಿಸಿಗೆ ಬಂದ ಮೇಲೆ ಬಾಗಿಲು ತೆರೆದರೆ ಮುಗಿಯಿತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಊಟದ ಆತುರ.

ಕಾರ್ಯಕ್ರಮದ ದಿನದ ಇನ್ನೊಂದು ದೃಶ್ಯ ಸಂಘಟಕರಿಗೆಲ್ಲ ಪರಿಚಿತ. ರೈಡರ್‌ನಲ್ಲಿ (ಕಲಾವಿದರ ಬೇಡಿಕೆಗಳ ಪಟ್ಟಿ) ಬರೆದಿರುತ್ತದೆ: ಎ 440, ಅದೇ ದಿನ ಟ್ಯೂನ್ ಆಗಿರಬೇಕು, ಸೌಂಡ್‌ಚೆಕ್ ಬಳಿಕ ಇನ್ನೊಮ್ಮೆ ಸವರಬೇಕು. ಟ್ಯೂನರ್‌ಗೆ ಎರಡು ಗಂಟೆಯ ನಿಶ್ಶಬ್ದ ಬೇಕು. ಆ ಎರಡು ಗಂಟೆಯಲ್ಲೇ ಲೈಟಿನವರು ಏಣಿ ಎಳೆಯುತ್ತಾರೆ, ಸೌಂಡಿನವರು "ಚೆಕ್, ಚೆಕ್" ಎನ್ನುತ್ತಾರೆ, ಡ್ರಮ್ಮರ್ ಸ್ನೇರ್ ಬಿಗಿ ಮಾಡುತ್ತಾ ಕೂರುತ್ತಾರೆ. ಬಜ್ಪೆಗೆ ವಿಮಾನ ತಡವಾಗಿ ಬಂದರೆ ಕೇಳುವುದೇ ಬೇಡ, ಕತ್ತರಿ ಬೀಳುವುದು ಟ್ಯೂನರ್ ಸಮಯಕ್ಕೇ. ಇದಕ್ಕೆ ಮದ್ದು ಸಲೀಸು: ಹಿಂದಿನ ದಿನವೇ ಎಸಿ ಹಾಕಿ ಆರಿಸದೆ ಬಿಡಿ, ಬೆಳಗ್ಗೆ ಎಂಟರಿಂದ ಹತ್ತು ಟ್ಯೂನರ್‌ಗೆ ಬಿಟ್ಟುಕೊಡಿ, ಆ ಹೊತ್ತಿನಲ್ಲಿ ವೇದಿಕೆಯ ದೀಪ ಉರಿದಿರಲಿ. ಮೈಕಿನವರಿಗೆ ಬೆಳಗ್ಗೆ ಹತ್ತಕ್ಕೆ ಬರಲು ಹೇಳಿ, ಅವರು ಹೇಗೂ ಹನ್ನೊಂದಕ್ಕೆ ಬರುತ್ತಾರೆ.

ಡಿಜಿಟಲ್ ಸಾಲದೇ?

ಕೆಲವರಿಗೆ ಸಾಕು. ರೋಡ್ಸ್, ಸಿಂಥ್ ಎಲ್ಲ ಇರುವ ಪ್ರಾಜೆಕ್ಟ್‌ಗಳಿಗೆ ಒಳ್ಳೆಯ 88 ಕೀಯ ಸ್ಟೇಜ್ ಪಿಯಾನೋ ಧಾರಾಳ. ಅಕೂಸ್ಟಿಕ್ ಟ್ರಯೋಕ್ಕೆ ಸಾಲದು. ಪೆಡಲನ್ನು ಅರ್ಧ ಒತ್ತಿ ಬಿಟ್ಟ ಮಂಜುಮಂಜಾದ ನಾದ, ಒಂದು ಸ್ವರ ಹೊಡೆದಾಗ ನೆರೆಯ ತಂತಿಗಳು ತಾವಾಗಿ ಮಿಡಿಯುವುದು, ಕೀ ಅರ್ಧ ಏಳುವಷ್ಟರಲ್ಲೇ ಮತ್ತೆ ಹೊಡೆಯಲು ಬರುವ, ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೋದ ಅನುಕೂಲ, ಇವುಗಳ ಮೇಲೇ ಅವರ ಸಂಗೀತ ನಿಂತಿರುತ್ತದೆ. (ಈ ಕೊನೆಯದ್ದು ಅಪ್‌ರೈಟ್‌ನಲ್ಲೂ ಇಲ್ಲ; ಹಾಗಾಗಿ ಮೇಲೆ ಹೇಳಿದ ಅಪ್‌ರೈಟ್ ಎಷ್ಟೇ ಸರಿಯಾದರೂ ಅಭ್ಯಾಸಕ್ಕೆ, ಪುಟ್ಟ ಬೈಠಕ್ಕಿಗೆ ಮಾತ್ರ.) ನಮ್ಮ ಹವೆಯಲ್ಲಿ ಡಿಜಿಟಲ್ಲೂ ಅಮರವಲ್ಲ. ಕೀಯ ಕೆಳಗಿನ ರಬ್ಬರ್ ಪಟ್ಟಿಯಲ್ಲಿ ಎರಡು ಸಂಪರ್ಕಬಿಂದುಗಳಿರುತ್ತವೆ. ಒಂದು ತಾಗಿ ಇನ್ನೊಂದು ತಾಗುವ ನಡುವಿನ ಸಮಯ ಅಳೆದು ಎಷ್ಟು ಜೋರು ಎಂದು ಯಂತ್ರ ಲೆಕ್ಕ ಹಾಕುತ್ತದೆ. ತೇವಕ್ಕೆ ಒಂದು ಮಂಕಾದರೆ ಲೆಕ್ಕ ತಪ್ಪಿ, ಮೆಲ್ಲಗೆ ಒತ್ತಿದ ಸ್ವರ ಬೊಬ್ಬೆ ಹೊಡೆಯುತ್ತದೆ. ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೆಚ್ಚಿನವು ಸರಿಯಾಗುತ್ತವೆ.

ಮೇಲ್‌ಗೆ ಉತ್ತರ

ಪಿಯಾನಿಸ್ಟ್‌ನ ಏಜೆಂಟ್ "ಯಾವ ಪಿಯಾನೋ ಇದೆ?" ಎಂದು ಮೇಲ್ ಹಾಕಿದಾಗ ನಮ್ಮವರು ಬರೆಯುವುದು "ಗ್ರ್ಯಾಂಡ್ ಪಿಯಾನೋ, ಗುಡ್ ಕಂಡೀಶನ್." ಇದನ್ನು ಓದಿದವರಿಗೆ ಅನುಮಾನವೇ ಹೆಚ್ಚು. ಬರೆಯಬೇಕಾದದ್ದು: ತಯಾರಕರು, ಮಾದರಿ, ಉದ್ದ (186 ಸೆಂಟಿಮೀಟರಿನ ಯಮಹಾ ಸಿ3 ಆದರೂ ಮಧ್ಯಮ ಹಾಲ್‌ಗೆ ಮರ್ಯಾದೆಯ ವಾದ್ಯವೇ), ಕೊನೆಯ ಟ್ಯೂನಿಂಗ್ ಯಾವಾಗ, ಎಷ್ಟು ಹರ್ಟ್ಸ್‌ಗೆ, ಯಾವ ಕೀ ನಿಧಾನ, ಎಡ ಪೆಡಲ್ ಕೆಲಸ ಮಾಡುತ್ತದೆಯೇ. ಸುತ್ತಿಗೆಗಳ, ತಂತಿಗಳ ಹತ್ತಿರದ ಫೋಟೋ. ಕೆಳತುದಿಯಿಂದ ಮೇಲ್ತುದಿಯವರೆಗೆ ಒಂದೊಂದೇ ಕೀ ಒತ್ತಿದ ಮುದ್ರಣ, ಮೊಬೈಲಿನದ್ದಾದರೂ ಸರಿ. ಪಿಯಾನೋ 436ರಲ್ಲಿ ನಿಂತಿದೆ ಎಂದು ಮುಂಚೆಯೇ ತಿಳಿದರೆ ಸ್ಯಾಕ್ಸೊಫೋನಿನವರು ಮೌತ್‌ಪೀಸ್ ಎಷ್ಟು ಹೊರಗೆಳೆಯಬೇಕೆಂದು ಮನಸ್ಸಿನಲ್ಲೇ ಸಿದ್ಧವಾಗುತ್ತಾರೆ; ಮೇಲಿನ ಸ್ವರಗಳು ಮಂಕು ಎಂದು ತಿಳಿದರೆ ಪಿಯಾನಿಸ್ಟ್ ಹಾಡುಗಳ ಪಟ್ಟಿಯನ್ನೇ ಬದಲಿಸಬಹುದು. ಕಲೋನ್‌ನಲ್ಲಿ ಜ್ಯಾರೆಟ್‌ಗೆ ಆ ಅವಕಾಶ ಸಿಕ್ಕಿದ್ದು ಕಾರ್ಯಕ್ರಮದ ದಿನವೇ, ವೇದಿಕೆಯ ಮೇಲೆ.

ಬೇರೆ ಊರಿನಿಂದ ಗ್ರ್ಯಾಂಡ್ ಬಾಡಿಗೆಗೆ ತರಿಸುವ ಯೋಚನೆಯಿದ್ದರೆ ಘಾಟಿ ಮಾತ್ರ ಲೆಕ್ಕವಲ್ಲ. 320 ಕಿಲೋದ ವಾದ್ಯವನ್ನು ಕಾಲು ಬಿಚ್ಚಿ, ಪಕ್ಕಕ್ಕೆ ಮಲಗಿಸಿ, ಹಲಗೆಗೆ ಬಿಗಿದು ತರಬೇಕು. ಒಣ ಬೆಂಗಳೂರಿನಿಂದ ಇಳಿದ ಸೌಂಡ್‌ಬೋರ್ಡ್ ಇಲ್ಲಿನ ಗಾಳಿ ಕುಡಿಯಲು ಶುರುಮಾಡಿದರೆ ಎರಡು ವಾರ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ತಂದು ಮರುದಿನ ಟ್ಯೂನ್ ಮಾಡಿದ್ದು ಇಂಟರ್ವಲ್ ಹೊತ್ತಿಗೆ ಅಲುಗಾಡುತ್ತದೆ. ಅದೇ ಖರ್ಚಿನಲ್ಲಿ ಊರಿನ ಗ್ರ್ಯಾಂಡಿಗೆ ಹೀಟರ್ ಕಟ್ಟಿಸಿ ವರ್ಷಕ್ಕೆ ನಾಲ್ಕು ಸಲ ಟ್ಯೂನರ್ ಕರೆಸಬಹುದು: ಮೇ ಕೊನೆ, ಆಗಸ್ಟ್, ಮಳೆ ನಿಂತು ಮರ ಒಣಗಿದ ಮೇಲೆ ನವೆಂಬರ್, ಮತ್ತೆ ಜನವರಿ. ಪ್ರವಾಸದ ತಂಡಗಳು ಹೇಗೂ ಬರುವುದು ಡಿಸೆಂಬರಿನಿಂದ ಫೆಬ್ರವರಿಯೊಳಗೆ, ನಮ್ಮ ಗಾಳಿ ಒಂದಿಷ್ಟು ಹದಕ್ಕೆ ಬರುವುದೂ ಆಗಲೇ. ದಿನಾಂಕ ಕೊಡುವಾಗ ನವೆಂಬರ್ ಟ್ಯೂನಿಂಗ್ ಆಗಿ ಮೂರು ವಾರ ಕಳೆದ ಮೇಲಿನದ್ದನ್ನೇ ಕೊಡಿ.